12,34,56,789: ಒಂದು ದೊಡ್ಡ ಸಂಖ್ಯೆಯನ್ನು ಪೂರ್ತಿ ಬಿಡಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳನ್ನು ಬರೆಯಿರಿ ಎಂದರೆ ಹೆಚ್ಚಿನವರು ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. 3ರಿಂದ ಎರಡು ಸಲ ಭಾಗಿಸುತ್ತಾರೆ, 1,37,17,421 ಉಳಿಯುತ್ತದೆ. ಅಲ್ಲಿಂದ 7, 11, 13, 17, 19 ಎಂದು ಒಂದೊಂದೇ ಹಾಕಿ ನೋಡುತ್ತಾ 100 ದಾಟುವಷ್ಟರಲ್ಲಿ ಕೈಸೋತು, 'ಇನ್ನು ಇದು ಅವಿಭಾಜ್ಯವೇ ಇರಬೇಕು' ಎಂದು ಗೆರೆ ಎಳೆದುಬಿಡುತ್ತಾರೆ. ಅದು ಅವಿಭಾಜ್ಯವಲ್ಲ. ಅದರ ಮೇಲೆ ನಿಲ್ಲಿಸಿದ ಭಾಜಕಗಳ ಎಣಿಕೆ, ಭಾಜಕಗಳ ಮೊತ್ತ, ಮುಂದಿನದೆಲ್ಲ ಒಟ್ಟಿಗೇ ಕೆಡುತ್ತದೆ.

ಭಾಗಾಕಾರ ಎಲ್ಲರಿಗೂ ಬರುತ್ತದೆ, ಎಡವುವುದು ಸರದಿಯಲ್ಲಿ. ಯಾವ ಪರೀಕ್ಷೆ ಮೊದಲು, ಯಾವುದನ್ನು ಎಷ್ಟು ಹೊತ್ತು ಮಾಡಿ ಬಿಡಬೇಕು, ಎಲ್ಲಿ ನಿಂತು ತಾಳೆ ನೋಡಬೇಕು ಎಂಬುದಷ್ಟೇ ಇಲ್ಲಿದೆ. ಇದೇ ಕ್ರಮವನ್ನು 8ರಿಂದ 10 ಅಂಕಿಗಳ ಯಾವ ಸಂಖ್ಯೆಗೂ ಹಾಕಬಹುದು.

ಮೊದಲು ಕೈಗೆ ಬೇಕಾದದ್ದು

ಗೆರೆ ಇಲ್ಲದ ಎರಡು ಹಾಳೆ, ಒಂದು ಪೆನ್ನು, 61ರವರೆಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿ. ಪಟ್ಟಿ ಇಷ್ಟೇ: 2, 3, 5, 7, 11, 13, 17, 19, 23, 29, 31, 37, 41, 43, 47, 53, 59, 61.

ಕ್ಯಾಲ್ಕುಲೇಟರ್ ಬಳಸುವುದಾದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇರುತ್ತದಲ್ಲ, ಆ 12 ಅಂಕಿಯದ್ದು ಇರಲಿ. 8 ಅಂಕಿಯ ಪುಟ್ಟ ಕ್ಯಾಲ್ಕುಲೇಟರಿನಲ್ಲಿ ನಮ್ಮ ಸಂಖ್ಯೆಯನ್ನು ಒತ್ತಲಿಕ್ಕೇ ಆಗುವುದಿಲ್ಲ. ಕೊನೆಯ 9 ಒಳಗೆ ಹೋಗಿಲ್ಲ ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ.

ಎಕ್ಸೆಲ್ ನಂಬುವವರಿಗೆ ಒಂದು ಎಚ್ಚರಿಕೆ. ಅದು 15 ಅಂಕಿಗಳವರೆಗೆ ಮಾತ್ರ ನಿಖರ. ನಮ್ಮ ಸಂಖ್ಯೆಯ ವರ್ಗ 15241578750190521. ಎಕ್ಸೆಲ್ ತೋರಿಸುವುದು 15241578750190500. ದೊಡ್ಡ ಗುಣಲಬ್ಧದ ಬಾಲದಲ್ಲಿ ಸೊನ್ನೆಗಳು ಕಂಡರೆ ಆ ಲೆಕ್ಕವನ್ನು ಅಲ್ಲಿಗೇ ಬಿಡಿ.

ಹಂತ 1: ಅಲ್ಪವಿರಾಮ ತೆಗೆದು ಬರೆದುಕೊಳ್ಳಿ

ಓದುವುದಕ್ಕೆ 12,34,56,789 ಸರಿ: ಹನ್ನೆರಡು ಕೋಟಿ ಮೂವತ್ತನಾಲ್ಕು ಲಕ್ಷ ಐವತ್ತಾರು ಸಾವಿರದ ಏಳುನೂರ ಎಂಬತ್ತೊಂಬತ್ತು. ಲೆಕ್ಕದ ಹಾಳೆಯಲ್ಲಿ ಮಾತ್ರ 123456789 ಎಂದು ಬರೆಯಿರಿ. ನಮ್ಮ ಕೋಟಿ, ಲಕ್ಷದ ಅಲ್ಪವಿರಾಮ ಎರಡೆರಡು ಅಂಕಿಗೆ ಬೀಳುತ್ತದೆ. ಮೂರನೆಯ ಹಂತದ ಪರೀಕ್ಷೆಗೆ ಮೂರು ಮೂರು ಅಂಕಿಯ ಗುಂಪು ಬೇಕು. ಕಣ್ಣಿಗೆ ಕಂಡ ಅಲ್ಪವಿರಾಮವನ್ನೇ ಹಿಡಿದು ಹೊರಟವರು ಅಲ್ಲಿ ಖಂಡಿತ ತಪ್ಪುತ್ತಾರೆ.

ಅಂಕಿಗಳನ್ನು ಎಣಿಸಿ: ಒಂಬತ್ತು. ಇದನ್ನೇಕೆ ಹೇಳುತ್ತಿದ್ದೇನೆಂದರೆ 12345679 ಎಂಬ, 8 ಇಲ್ಲದ, ಇನ್ನೊಂದು ಪ್ರಸಿದ್ಧ ಸಂಖ್ಯೆಯಿದೆ. ಅದನ್ನು 9ರಿಂದ ಗುಣಿಸಿದರೆ 111111111. ನಮ್ಮದನ್ನು 9ರಿಂದ ಗುಣಿಸಿದರೆ ಬರುವುದು 1111111101. ಎರಡನ್ನೂ ಕಲಸಿಕೊಂಡು, 'ಇದರಲ್ಲಿ 37 ಇದೆ' ಎಂದು ಬರೆಯುವವರು ಬಹಳ. 37 ಇರುವುದು ಆ ಇನ್ನೊಂದರಲ್ಲಿ: 12345679 = 37 × 333667.

ಹಂತ 2: 2, 5, 3. ಮೂರನ್ನು ಖಾಲಿಯಾಗುವವರೆಗೆ ತೆಗೆಯಿರಿ

ಬಿಡಿ ಸ್ಥಾನದಲ್ಲಿ 9. ಆದ್ದರಿಂದ 2 ಇಲ್ಲ, 5 ಇಲ್ಲ.

ಅಂಕಿಗಳ ಮೊತ್ತ 1 + 2 + ... + 9 = 45. 45 ಒಂಬತ್ತರಿಂದ ಭಾಗವಾಗುತ್ತದೆ, ಹಾಗಾಗಿ ಸಂಖ್ಯೆಯೂ ಭಾಗವಾಗುತ್ತದೆ. (1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದು ಸಲ ಬಳಸಿ ಬರೆಯಬಹುದಾದ 3,62,880 ಸಂಖ್ಯೆಗಳಿಗೂ ಮೊತ್ತ 45. ಅವುಗಳಲ್ಲಿ ಒಂದೂ ಅವಿಭಾಜ್ಯವಲ್ಲ ಎಂಬುದು ಭಾಗಿಸದೆಯೇ ಗೊತ್ತಾಯಿತು.)

123456789 ÷ 3 = 41152263. ಅಂಕಿಗಳ ಮೊತ್ತ 24, ಇನ್ನೂ 3 ಉಳಿದಿದೆ.
41152263 ÷ 3 = 13717421. ಅಂಕಿಗಳ ಮೊತ್ತ 26, ಇನ್ನಿಲ್ಲ.

ಪ್ರತಿ ಸಲ ಭಾಗಿಸಿದ ಮೇಲೂ ಮೊತ್ತ ಮತ್ತೆ ಕೂಡಿ ನೋಡಬೇಕು. 'ಅಂಕಿಗಳ ಮೊತ್ತ 27ರಿಂದ ಭಾಗವಾದರೆ ಸಂಖ್ಯೆಯೂ 27ರಿಂದ ಭಾಗವಾಗುತ್ತದೆ' ಎಂಬ ನಿಯಮ ಇಲ್ಲ. 1899ರ ಅಂಕಿಗಳ ಮೊತ್ತ 27; ಆದರೆ 27 × 70 = 1890, ಶೇಷ 9. ಅಂಕಿಗಳ ಮೊತ್ತದ ಉಪಾಯ 3 ಮತ್ತು 9ಕ್ಕೆ ಮಾತ್ರ.

ಈಗ ಕೈಯಲ್ಲಿರುವುದು: 123456789 = 3² × 13717421.

ಹಂತ 3: 7, 11, 13 ಒಂದೇ ಏಟಿಗೆ

7 × 11 × 13 = 1001. ಇದರಿಂದ ಮೂರೂ ಪರೀಕ್ಷೆ ಒಟ್ಟಿಗೆ ಮುಗಿಯುತ್ತದೆ. ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋಗಿ:

789 − 456 + 123 = 456

456 = 7 × 65 + 1, 456 = 11 × 41 + 5, 456 = 13 × 35 + 1. ಮೂರಕ್ಕೂ ಶೇಷ ಉಳಿಯಿತು, ಮೂರೂ ಇಲ್ಲ.

ಅಲ್ಪವಿರಾಮದ ತಪ್ಪು ಹೇಗೆ ಕಾಣುತ್ತದೆ ನೋಡಿ: 789 − 56 + 34 − 12 = 755. ಈ 755ಕ್ಕೂ ನಮ್ಮ ಸಂಖ್ಯೆಗೂ ಯಾವ ಸಂಬಂಧವೂ ಇಲ್ಲ. ಈ ಸಂಖ್ಯೆಯಲ್ಲಿ ಅದೃಷ್ಟಕ್ಕೆ ತೀರ್ಪು ಬದಲಾಗುವುದಿಲ್ಲ, ಬೇರೆ ಸಂಖ್ಯೆಯಲ್ಲಿ ಬದಲಾಗುತ್ತದೆ. ಅನುಮಾನ ಬಂದರೆ 11ರ ಹಳೆಯ ನಿಯಮದಿಂದ ತಾಳೆ ನೋಡಿ: 9 − 8 + 7 − 6 + 5 − 4 + 3 − 2 + 1 = 5. ಮೇಲೆ 11ಕ್ಕೆ ಸಿಕ್ಕ ಶೇಷವೂ 5. 755ನ್ನು 11ರಿಂದ ಭಾಗಿಸಿದರೆ ಉಳಿಯುವುದು 7, ಕಳ್ಳ ಸಿಕ್ಕಿಬಿದ್ದ.

ಇದೇ ಪರೀಕ್ಷೆಯನ್ನು 13717421ರ ಮೇಲೂ ಒಮ್ಮೆ ಮಾಡುವುದು ಒಳ್ಳೆಯದು, ಎರಡನೆಯ ಹಂತದ ಭಾಗಾಕಾರ ಸರಿಯಿತ್ತೇ ಎಂದು ತಿಳಿಯುತ್ತದೆ. 421 − 717 + 13 = −283. ಇದನ್ನು 9ರಿಂದ ಗುಣಿಸಿದರೆ −2547. ಅದಕ್ಕೆ 1001ರ ಮೂರರಷ್ಟು, ಅಂದರೆ 3003 ಸೇರಿಸಿದರೆ 456. ಮೊದಲು ಬಂದದ್ದೂ 456. ಇವು ಹೊಂದದಿದ್ದರೆ ಮುಂದೆ ಹೋಗಬೇಡಿ, ಹಿಂದಿನ ಹಂತಕ್ಕೆ ಹೋಗಿ.

37ನ್ನೂ ಇಲ್ಲೇ ಮುಗಿಸಬಹುದು. 999 = 27 × 37 ಆದ್ದರಿಂದ ಈ ಸಲ ಗುಂಪುಗಳನ್ನು ಬರೀ ಕೂಡಿ: 123 + 456 + 789 = 1368, ಮತ್ತೆ 1 + 368 = 369. 369 = 37 × 9 + 36. 37 ಇಲ್ಲ. 369 = 27 × 13 + 18, ಅಂದರೆ 27 ಕೂಡ ಇಲ್ಲ; ಮೂರು ಎರಡೇ ಸಲ ಬಂದದ್ದು ಇಲ್ಲಿ ಇನ್ನೊಮ್ಮೆ ಖಾತ್ರಿಯಾಯಿತು.

ಹಂತ 4: ಇದು ಪೂರ್ಣ ವರ್ಗವೇ?

ಮುಂದಿನ ಹಂತಕ್ಕೆ ವರ್ಗಮೂಲ ಹೇಗೂ ಬೇಕು, ಈ ಪ್ರಶ್ನೆಯನ್ನೂ ಇಲ್ಲೇ ತೀರಿಸಿಕೊಳ್ಳೋಣ. 123456789 ಈ ವಿಷಯದಲ್ಲಿ ಚೆನ್ನಾಗಿ ವೇಷ ಹಾಕುತ್ತದೆ. ಕೊನೆಯ ಅಂಕಿ 9, ವರ್ಗಕ್ಕೆ ಒಪ್ಪುತ್ತದೆ. ಕೊನೆಯ ಎರಡು ಅಂಕಿ 89, ಅದೂ ಒಪ್ಪುತ್ತದೆ (17² = 289). 9ರಿಂದ ಭಾಗವಾಗುತ್ತದೆ, 4ರಿಂದ ಭಾಗಿಸಿದರೆ ಶೇಷ 1. ಎಲ್ಲವೂ ವರ್ಗದ ಲಕ್ಷಣಗಳೇ.

ಮುಖವಾಡ ಕಳಚುವುದು 8ರಲ್ಲಿ. ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ ಯಾವಾಗಲೂ 1. ಕೊನೆಯ ಮೂರು ಅಂಕಿ 789 = 8 × 98 + 5. ಶೇಷ 5, ಆದ್ದರಿಂದ ವರ್ಗವಲ್ಲ.

ನೇರವಾಗಿ ನೋಡಿದರೂ 11111² = 123454321, 11112² = 123476544; ನಮ್ಮದು ಎರಡರ ನಡುವೆ ಇದೆ, 11111²ಕ್ಕಿಂತ 2468 ಹೆಚ್ಚು. ಈ 2468 ನೆನಪಿರಲಿ, ಒಂಬತ್ತನೆಯ ಹಂತದಲ್ಲಿ ಕೆಲಸಕ್ಕೆ ಬರುತ್ತದೆ. ಕ್ಯಾಲ್ಕುಲೇಟರ್ ತೋರಿಸುವ ವರ್ಗಮೂಲ 11111.1110605. ಇದನ್ನು 11111.111 ಎಂದು ಮೊಟಕಾಗಿ ಬರೆದುಕೊಂಡು, ಒಂದುಗಳ ಸಾಲು ಮುಗಿಯುವುದೇ ಇಲ್ಲ ಎಂದು ಭಾವಿಸಬೇಡಿ. ಒಂದುಗಳಷ್ಟೇ ಇರುವ ಆ ಸಂಖ್ಯೆ 1,00,000 ÷ 9; ಅದರ ವರ್ಗ 123456790.123..., ನಮ್ಮದಕ್ಕಿಂತ ಒಂದು ಹೆಜ್ಜೆ ಆಚೆಗಿದೆ.

ಹಂತ 5: ವರ್ಗಗಳ ವ್ಯತ್ಯಾಸದ ಉಪಾಯ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. 13717421ರ ವರ್ಗಮೂಲ 3703ರ ಮೇಲೆ ಸ್ವಲ್ಪ. ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋದರೆ ಉತ್ತರ ಸಿಗಲು ಸುಮಾರು 500 ಭಾಗಾಕಾರ ಬೇಕು. ಅದಕ್ಕೆ ಇಳಿಯುವ ಮೊದಲು ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ ದಾರಿಯಲ್ಲಿ ಹತ್ತು ಸುತ್ತು ನೋಡಿ. ಹತ್ತು ಎಂಬುದು ನನ್ನ ಲೆಕ್ಕಾಚಾರ. ತಾಳ್ಮೆ ಇದ್ದವರು ಇಪ್ಪತ್ತು ಮಾಡಲಿ.

ತತ್ವ ಸರಳ. ಎರಡು ಬೆಸ ಸಂಖ್ಯೆಗಳ ಗುಣಲಬ್ಧ ಯಾವುದೇ ಇರಲಿ, ಅದು ಎರಡು ವರ್ಗಗಳ ವ್ಯತ್ಯಾಸ. ಆ ಎರಡು ಸಂಖ್ಯೆಗಳ ನಡುಮಧ್ಯದ ಸಂಖ್ಯೆಯ ವರ್ಗದಿಂದ, ಮಧ್ಯದಿಂದ ಅವು ಎಷ್ಟು ದೂರವಿವೆಯೋ ಆ ದೂರದ ವರ್ಗವನ್ನು ಕಳೆದರೆ ಗುಣಲಬ್ಧ ಬರುತ್ತದೆ. ಹಾಗಾಗಿ ವರ್ಗಮೂಲಕ್ಕಿಂತ ದೊಡ್ಡದಾದ ಮೊದಲ ಪೂರ್ಣಾಂಕದಿಂದ ಶುರುಮಾಡಿ, ಅದರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದು, ಉಳಿದದ್ದು ಪೂರ್ಣ ವರ್ಗವೇ ಎಂದು ನೋಡುತ್ತಾ ಹೋಗಬೇಕು.

ಮೊದಲ ಸುತ್ತು: 3704² = 13719616. ಅದರಿಂದ 13717421 ಕಳೆದರೆ 2195. ಐದರಲ್ಲಿ ಮುಗಿಯುವ ವರ್ಗದ ಕೊನೆಯ ಎರಡು ಅಂಕಿ 25 ಇರಲೇಬೇಕು, ಇಲ್ಲಿ 95. ವರ್ಗವಲ್ಲ.

ಎರಡನೆಯ ಸುತ್ತು: 3705² = 13727025. ಕಳೆದರೆ 9604. ಇದು 98².

ಅಷ್ಟೇ, ಸಿಕ್ಕಿತು. 3705 − 98 = 3607, 3705 + 98 = 3803. ಗುಣಿಸಿ ತಾಳೆ ನೋಡಿ: 3607 × 3800 = 13706600, 3607 × 3 = 10821, ಕೂಡಿದರೆ 13717421.

ಐನೂರು ಭಾಗಾಕಾರದ ಕೆಲಸ ಎರಡು ಕಳೆಯುವ ಲೆಕ್ಕದಲ್ಲಿ ಮುಗಿಯಿತು. ಪ್ರತಿ ಸುತ್ತಿಗೂ ಹೊಸದಾಗಿ ವರ್ಗ ಮಾಡುವ ಅಗತ್ಯವೂ ಇಲ್ಲ: ಹಿಂದಿನ ವ್ಯತ್ಯಾಸಕ್ಕೆ, ಹಿಂದಿನ ಸಂಖ್ಯೆಯ ಎರಡರಷ್ಟು ಮತ್ತು ಒಂದು ಸೇರಿಸಿದರೆ ಸಾಕು. 2195 + 7408 + 1 = 9604.

ಇಲ್ಲಿ ಆಗುವ ತಪ್ಪುಗಳು ಎರಡು. ಒಂದು, 9ನ್ನು ತೆಗೆಯದೆ ಪೂರ್ತಿ ಸಂಖ್ಯೆಗೇ ಈ ಉಪಾಯ ಹಾಕುವುದು. ಹಾಗೆ ಮಾಡಿದರೂ ಉತ್ತರ ಬರುತ್ತದೆ: ನಾಲ್ಕನೆಯ ಸುತ್ತಿನಲ್ಲಿ 11115² − 123456789 = 86436 = 294², ಅದರಿಂದ 10821 × 11409. ಸಿಕ್ಕಿದ ಖುಷಿಯಲ್ಲಿ ಇವೆರಡನ್ನೂ ಅವಿಭಾಜ್ಯ ಎಂದು ಬರೆದುಬಿಡುತ್ತಾರೆ. ಎರಡರ ಅಂಕಿಗಳನ್ನೂ ಕೂಡಿ ನೋಡಿ, 12 ಮತ್ತು 15. ಎರಡರೊಳಗೂ ಒಂದೊಂದು 3 ಕೂತಿದೆ.

ಇನ್ನೊಂದು, ಈ ದಾರಿಯನ್ನು ಬಿಡಬೇಕಾದಾಗ ಬಿಡದಿರುವುದು. ಎರಡು ತುಂಡುಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಇದು ವೇಗ. ದೂರ ಇದ್ದರೆ ಎಷ್ಟು ಕಷ್ಟ ಎಂಬುದಕ್ಕೆ ಕೊನೆಯ ಹಂತದಲ್ಲಿ ಉದಾಹರಣೆ ಇದೆ. ಹತ್ತು ಸುತ್ತಿನಲ್ಲಿ ಸಿಗದಿದ್ದರೆ 17, 19, 23 ಎಂದು ಭಾಗಿಸುವ ಹಳೆಯ ದಾರಿಗೆ ಬನ್ನಿ.

ಹಂತ 6: ತುಂಡುಗಳು ನಿಜವಾಗಿ ಅವಿಭಾಜ್ಯವೇ?

'ನೋಡಿದರೆ ಅವಿಭಾಜ್ಯದ ಹಾಗಿದೆ' ಎಂಬುದು ಸಾಕ್ಷಿಯಲ್ಲ. ಪ್ರತಿ ತುಂಡನ್ನೂ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಬೇಕು.

60² = 3600, 61² = 3721. ಹಾಗಾಗಿ 3607ಕ್ಕೆ 59ರವರೆಗೆ ಸಾಕು. 3803ಕ್ಕೆ 61 ಕೂಡ ಬೇಕು. ಎರಡಕ್ಕೂ ಒಂದೇ ಪಟ್ಟಿ ಎಂದುಕೊಂಡು 59ಕ್ಕೇ ನಿಲ್ಲಿಸುವುದು ಇಲ್ಲಿಯ ಸಾಮಾನ್ಯ ತಪ್ಪು.

2, 3, 5, 7, 11, 13, 37 ಪೂರ್ತಿ ಸಂಖ್ಯೆಯ ಮಟ್ಟದಲ್ಲೇ ತೀರ್ಮಾನವಾಗಿವೆ. 13717421ನ್ನು ಭಾಗಿಸದ ಸಂಖ್ಯೆ ಅದರ ತುಂಡನ್ನೂ ಭಾಗಿಸಲಾರದು. ಉಳಿದವುಗಳ ಶೇಷಗಳು ಹೀಗಿವೆ, ಮೊದಲು 3607ರದ್ದು, ಆಮೇಲೆ 3803ರದ್ದು:

17: 3, 12
19: 16, 3
23: 19, 8
29: 11, 4
31: 11, 21
41: 40, 31
43: 38, 19
47: 35, 43
53: 3, 40
59: 8, 27
61: ಬೇಡ, 21

ಒಂದೂ ಸೊನ್ನೆ ಇಲ್ಲ. ಎರಡೂ ಅವಿಭಾಜ್ಯ.

ಈ ಪಟ್ಟಿಯನ್ನು ತಪಾಸಣೆ ಮಾಡುವ ಸುಲಭ ದಾರಿ ಒಂದಿದೆ, ಪರೀಕ್ಷೆಯ ಕೊಠಡಿಯಲ್ಲಿ ಬಹಳ ಉಪಯೋಗ. 3803 − 3607 = 196. ಆದ್ದರಿಂದ ಪ್ರತಿ ಸಾಲಿನಲ್ಲೂ ಎರಡು ಶೇಷಗಳ ವ್ಯತ್ಯಾಸ, 196ನ್ನು ಅದೇ ಸಂಖ್ಯೆಯಿಂದ ಭಾಗಿಸಿದಾಗ ಬರುವ ಶೇಷಕ್ಕೆ ಸಮ ಇರಬೇಕು. 17ರ ಸಾಲು: 196 = 17 × 11 + 9, ಮತ್ತು 12 − 3 = 9. ಸರಿ. 19ರ ಸಾಲು: 196 = 19 × 10 + 6; 3 − 16 = −13, ಅದಕ್ಕೆ 19 ಸೇರಿಸಿದರೆ 6. ಸರಿ. ಯಾವ ಸಾಲು ಹೊಂದುವುದಿಲ್ಲವೋ ಅಲ್ಲಿ ಭಾಗಾಕಾರ ತಪ್ಪಿದೆ.

ಇಷ್ಟಾದ ಮೇಲೆ ಮಾತ್ರ ಶುದ್ಧ ಹಾಳೆಯ ತಲೆಯಲ್ಲಿ ಬರೆಯಿರಿ:

123456789 = 3² × 3607 × 3803

ಕಂಪ್ಯೂಟರ್ ಇದ್ದರೆ ತಾಳೆ ನೋಡುವುದು ಈಗ, ಮೊದಲಲ್ಲ. ಲಿನಕ್ಸ್‌ನಲ್ಲಿ 'ಫ್ಯಾಕ್ಟರ್' ಎಂಬ ಆಜ್ಞೆಯ ಮುಂದೆ ಸಂಖ್ಯೆ ಕೊಟ್ಟರೆ 3 3 3607 3803 ಎಂದು ಸಾಲಾಗಿ ಬರುತ್ತದೆ. ಪೈಥಾನ್‌ನಲ್ಲಿ ಭಾಗಿಸುವವರು ಎರಡು ಓರೆಗೆರೆಯ ಭಾಗಾಕಾರ ಬಳಸಿ. ಒಂದೇ ಓರೆಗೆರೆ ದಶಮಾಂಶಕ್ಕೆ ತಿರುಗಿಸುತ್ತದೆ, 16 ಅಂಕಿಗಳ ಆಸುಪಾಸಿನಿಂದ ಮೇಲೆ ಅದರ ಬಾಲ ನಂಬಲಾಗದು.

ಹಂತ 7: ಭಾಜಕಗಳ ಎಣಿಕೆ ಮತ್ತು ಮೊತ್ತ

ಎಣಿಕೆಗೆ ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ: 3 × 2 × 2 = 12. ಬರೀ 12 ಎಂದು ಬಿಡದೆ ಹನ್ನೆರಡನ್ನೂ ಬರೆಯಿರಿ, ಎಣಿಕೆ ತಪ್ಪಿದ್ದರೆ ಆಗ ಕಾಣುತ್ತದೆ:

1, 3, 9, 3607, 3803, 10821, 11409, 32463, 34227, 13717421, 41152263, 123456789.

ಮೊದಲನೆಯದನ್ನು ಕೊನೆಯದರಿಂದ, ಎರಡನೆಯದನ್ನು ಕೊನೆಯಿಂದ ಎರಡನೆಯದರಿಂದ ಗುಣಿಸಿದರೆ ಪ್ರತಿ ಜೋಡಿಗೂ ಮೂಲ ಸಂಖ್ಯೆಯೇ ಬರಬೇಕು. ಜೋಡಿ ಸಿಗದೆ ಒಂದು ಒಂಟಿಯಾಗಿ ಉಳಿದರೆ ಯಾವುದೋ ಬಿಟ್ಟುಹೋಗಿದೆ ಎಂದರ್ಥ (ಪೂರ್ಣ ವರ್ಗವಾದರೆ ಮಾತ್ರ ಒಂದು ಒಂಟಿ ಇರಬಹುದು).

ಮೊತ್ತಕ್ಕೆ: (1 + 3 + 9) × (1 + 3607) × (1 + 3803) = 13 × 3608 × 3804 = 17,84,22,816.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಮೊದಲ ಆವರಣದಲ್ಲಿ 1 + 9 ಎಂದಷ್ಟೇ ಬರೆದು 3ನ್ನು ಮರೆಯುವುದು. ಆಗ 13,72,48,320 ಬರುತ್ತದೆ. ತಪ್ಪು ಎಂದು ತಿಳಿಯುವುದು ಹೇಗೆ? ಅದರಿಂದ ಮೂಲ ಸಂಖ್ಯೆ ಕಳೆಯಿರಿ: 1,37,91,531. ಉಳಿದ ಹನ್ನೊಂದು ಭಾಜಕಗಳ ಮೊತ್ತ ಇಷ್ಟಿರಬೇಕಾಯಿತು. ಆದರೆ 4,11,52,263 ಒಂದೇ ಇದಕ್ಕಿಂತ ದೊಡ್ಡದು. ಅಸಾಧ್ಯ.

ಸರಿಯಾದ ಮೊತ್ತದಿಂದ ಕಳೆದರೆ 5,49,66,027. ಇದು ಮೂಲ ಸಂಖ್ಯೆಗಿಂತ ಕಡಿಮೆ; ಹಾಗಾಗಿ ನಮ್ಮ ಸಂಖ್ಯೆ ಪರಿಪೂರ್ಣ ಸಂಖ್ಯೆಯಲ್ಲ (ಆಗಿದ್ದರೆ ಎರಡೂ ಸಮ ಇರಬೇಕಿತ್ತು), ನ್ಯೂನ ಸಂಖ್ಯೆ.

ಹಂತ 8: ಸಾಮಾನ್ಯ ಅಪವರ್ತನವಿಲ್ಲದವು ಎಷ್ಟು?

1ರಿಂದ 123456789ರವರೆಗೆ, ಈ ಸಂಖ್ಯೆಯ ಜೊತೆ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳು ಎಷ್ಟಿವೆ? ಆಯ್ಲರ್ ಫೈ ಎಂದು ಕರೆಯುವುದು ಇದನ್ನೇ.

3²ರ ಪಾಲು 9 − 3 = 6. 3607ರ ಪಾಲು 3606. 3803ರ ಪಾಲು 3802. ಗುಣಿಸಿದರೆ 8,22,60,072.

9ರ ಪಾಲು 8 ಎಂದು ಬರೆದವರಿಗೆ 10,96,80,096 ಬರುತ್ತದೆ. ಇದನ್ನೂ ಕಣ್ಣಳತೆಯಲ್ಲೇ ಹಿಡಿಯಬಹುದು: ಮೂರರ ಮಗ್ಗಿಯಲ್ಲಿ ಬರುವ ಸಂಖ್ಯೆಗಳನ್ನು ತೆಗೆದರೇ ಮೂರನೇ ಒಂದು ಭಾಗ ಹೋಗುತ್ತದೆ, ಉಳಿಯುವುದು 8,23,04,526. ಉತ್ತರ ಅದಕ್ಕಿಂತ ದೊಡ್ಡದಾಗಲು ಸಾಧ್ಯವೇ ಇಲ್ಲ. 3607 ಮತ್ತು 3803 ದೊಡ್ಡವಾದ್ದರಿಂದ ಅವು ಕಿತ್ತುಕೊಳ್ಳುವುದು ಅತಿ ಸ್ವಲ್ಪ, ಹಾಗಾಗಿ ಸರಿಯುತ್ತರ ಅದಕ್ಕಿಂತ ತುಸುವೇ ಕೆಳಗಿರಬೇಕು. ಹಾಗೇ ಇದೆ.

ಹಂತ 9: ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಎರಡು ವರ್ಗಗಳ ಮೊತ್ತವಾದ ಬೆಸ ಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 1 ಬರಬೇಕು. ನಮ್ಮದಕ್ಕೆ 1 ಬರುತ್ತದೆ. ಅಷ್ಟಕ್ಕೇ 'ಬರೆಯಬಹುದು' ಎಂದು ಹೇಳಿಬಿಡುವವರು ಅರ್ಧದಾರಿಯಲ್ಲಿ ನಿಂತವರು.

ನೋಡಬೇಕಾದದ್ದು ಅಪವರ್ತನಗಳನ್ನು. 4ರಿಂದ ಭಾಗಿಸಿದಾಗ ಶೇಷ 3 ಉಳಿಸುವ ಅವಿಭಾಜ್ಯಗಳ ಘಾತ ಸಮ ಸಂಖ್ಯೆಯಾಗಿರಬೇಕು. 3ರ ಘಾತ 2, ತೊಂದರೆಯಿಲ್ಲ. 3607 ಶೇಷ 3 ಉಳಿಸುತ್ತದೆ, ಘಾತ 1. ಅಲ್ಲಿಗೆ ಮುಗಿಯಿತು. 3803 ಕೂಡ ಹಾಗೇ. ಎರಡು ಕೆಟ್ಟ ಶೇಷಗಳು ಗುಣಿಸಿಕೊಂಡು 3 × 3 = 9, ಅದರ ಶೇಷ 1 ಆಗಿ, ಹೊರಗಿನಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು ಅಷ್ಟೆ. ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದಿಲ್ಲ.

ಮೂರು ವರ್ಗಗಳಾದರೆ? 8ರ ಶೇಷ 7 ಆಗಿದ್ದರೆ ಸಾಧ್ಯವಿರಲಿಲ್ಲ, ನಮ್ಮದು 5. ಬೆಸ ಸಂಖ್ಯೆಗೆ ಅಷ್ಟು ಸಾಕು, ಸಾಧ್ಯ. ಹುಡುಕಲು ನಾಲ್ಕನೆಯ ಹಂತದ 2468ನ್ನು ಹೊರತೆಗೆಯಿರಿ. 2468 = 4 × 617, ಮತ್ತು 617 = 256 + 361 = 16² + 19². ನಾಲ್ಕನ್ನು ಒಳಗೆ ಸೇರಿಸಿದರೆ 2468 = 32² + 38². ಆದ್ದರಿಂದ

123456789 = 11111² + 38² + 32²

ಕೂಡಿ ನೋಡಿ: 123454321 + 1444 + 1024. ಇಷ್ಟು ಚೆಂದವಾಗಿ ಬರುತ್ತದೆಂದು ಯಾವ ನಿಯಮವೂ ಮಾತು ಕೊಟ್ಟಿರಲಿಲ್ಲ, ಬಂದದ್ದನ್ನು ಬರೆದುಕೊಳ್ಳುವುದು.

ವ್ಯತ್ಯಾಸದ ಲೆಕ್ಕ ಬೇರೆ. ಹನ್ನೆರಡು ಭಾಜಕಗಳಿಂದ ಆರು ಜೋಡಿ, ಎಲ್ಲವೂ ಬೆಸ. ಪ್ರತಿ ಜೋಡಿಯೂ ಐದನೆಯ ಹಂತದ ರೀತಿಯಲ್ಲಿ ಒಂದು ವ್ಯತ್ಯಾಸ ಕೊಡುತ್ತದೆ. ಎರಡು ವರ್ಗಗಳ ಮೊತ್ತವಾಗಿ ಒಂದು ರೀತಿಯಲ್ಲೂ ಆಗದ ಸಂಖ್ಯೆ, ವ್ಯತ್ಯಾಸವಾಗಿ ಆರು ರೀತಿಯಲ್ಲಿ ಆಗುತ್ತದೆ.

ಹಂತ 10: ಸಂಖ್ಯೆಯ ಗುಣ ಬೇರೆ, ಬರಹದ ಗುಣ ಬೇರೆ

ಹಾಳೆಯನ್ನು ಎರಡು ಕಾಲಂ ಮಾಡಿ. ಇಲ್ಲಿಯವರೆಗೆ ಕಂಡ ಅಪವರ್ತನ, ಭಾಜಕ, ಫೈ, ವರ್ಗಗಳು ಎಡಕ್ಕೆ. ಸಂಖ್ಯೆಯನ್ನು ಹೇಗೆ ಬರೆದರೂ ಅವು ಬದಲಾಗುವುದಿಲ್ಲ. ಅಂಕಿಗಳ ಮೊತ್ತ 45, ಒಂದರಿಂದ ಒಂಬತ್ತು ಸಾಲಾಗಿ ಬಂದದ್ದು, ತಿರುಗಿಸಿ ಕಳೆದರೆ ಬರುವ 86,41,97,532ರಲ್ಲೂ ಒಂಬತ್ತು ಅಂಕಿಗಳು ಒಂದೊಂದೇ ಸಲ ಇರುವುದು, ಇವೆಲ್ಲ ಬಲಕ್ಕೆ. ಹತ್ತರ ಪದ್ಧತಿ ಬಿಟ್ಟರೆ ಇವೂ ಹೋದವು.

ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸುವ ಎರಡರ ಪದ್ಧತಿಯಲ್ಲಿ, ಇದೇ ಸಂಖ್ಯೆ 111010110111100110100010101. ಒಟ್ಟು 27 ಅಂಕಿ, ಅದರಲ್ಲಿ 16 ಒಂದುಗಳು. ಹತ್ತರ ಪದ್ಧತಿಯ ಸೊಗಸಿನ ಸುಳಿವೂ ಇಲ್ಲ. ಎರಡರಿಂದ ಮತ್ತೆ ಮತ್ತೆ ಭಾಗಿಸಿ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದುವಾಗ ದಿಕ್ಕು ತಪ್ಪುವುದು ಮಾಮೂಲು. ಪರೀಕ್ಷೆ: ಕೊನೆಯ ಮೂರು ಅಂಕಿ 101, ಅಂದರೆ 5, ಎಂಟರ ಶೇಷವೂ 5 ಇತ್ತು. ಉದ್ದಕ್ಕೂ ಪರೀಕ್ಷೆ ಇದೆ: 2ರ 26ನೇ ಘಾತ 6,71,08,864, 27ನೇ ಘಾತ 13,42,17,728. ನಮ್ಮದು ನಡುವೆ ಬರುವುದರಿಂದ 27 ಅಂಕಿ ಇರಲೇಬೇಕು.

ಹಂತ 11: ಇದೇ ಕ್ರಮವನ್ನು 98,76,54,321ರ ಮೇಲೆ ಹಾಕಿ

ತಿರುಗಿಸಿದ ಸಂಖ್ಯೆ ಒಳ್ಳೆಯ ಅಭ್ಯಾಸ, ಏಕೆಂದರೆ ಇಲ್ಲಿ ಐದನೆಯ ಹಂತ ಕೈಕೊಡುತ್ತದೆ. 9 ತೆಗೆದರೆ 109739369. ಅಂಕಿಗಳ ಮೊತ್ತ 47, ಇನ್ನು ಮೂರು ಇಲ್ಲ. ಹತ್ತು ಸುತ್ತು ವರ್ಗಗಳ ವ್ಯತ್ಯಾಸ ನೋಡಿ, ಏನೂ ಸಿಗುವುದಿಲ್ಲ. ಹಟ ಹಿಡಿದು ಮುಂದುವರಿದರೆ ಸುಮಾರು 1,80,000 ಸುತ್ತು ಬೇಕಾಗುತ್ತದೆ. ಹತ್ತಕ್ಕೆ ನಿಲ್ಲಿಸಿ ಭಾಗಾಕಾರಕ್ಕೆ ಬಂದವರಿಗೆ 17ರಲ್ಲೇ ಬಾಗಿಲು ತೆರೆಯುತ್ತದೆ. 17 ಒಮ್ಮೆ ಸಿಕ್ಕಿತೆಂದು 19ಕ್ಕೆ ಹೋಗಬೇಡಿ, ಅದನ್ನೂ ಖಾಲಿಯಾಗುವವರೆಗೆ ತೆಗೆಯಬೇಕು. ಎರಡು ಸಲ ಹೋಗುತ್ತದೆ.

987654321 = 3² × 17² × 379721

ಎರಡೂ ಸಂಖ್ಯೆಗಳ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಕೇಳಿದರೆ ಈ ಅಪವರ್ತನಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ: 8 × 123456789 = 987654312, ಶೇಷ 9. ಚಿಕ್ಕದು 9ರಿಂದ ಭಾಗವಾಗುತ್ತದೆ, ಆದ್ದರಿಂದ ಮ.ಸಾ.ಅ. 9. ಒಂದು ಸಾಲಿನ ಕೆಲಸ. ಮ.ಸಾ.ಅ. ಅಷ್ಟೇ ಬೇಕಿದ್ದಾಗ ಅಪವರ್ತನಕ್ಕೆ ಕೈ ಹಾಕುವುದು ವೃಥಾ ಶ್ರಮ.

379721 ಅವಿಭಾಜ್ಯ ಎಂದು ನನ್ನ ಮಾತಿನ ಮೇಲೆ ಒಪ್ಪಿಕೊಳ್ಳಬೇಡಿ, ಆರನೆಯ ಹಂತವನ್ನು ಮಾಡಿ. 613² = 375769, ಅದರ ಮುಂದಿನ ಅವಿಭಾಜ್ಯ 617ರ ವರ್ಗ 380689. ಹಾಗಾಗಿ 613ರವರೆಗೆ ಭಾಗಿಸಬೇಕು. 61ರವರೆಗಿನ ನಮ್ಮ ಪಟ್ಟಿ ಇದಕ್ಕೆ ಸಾಲದು, 613ರವರೆಗಿನದನ್ನು ಮೊದಲೇ ಬರೆದಿಟ್ಟುಕೊಳ್ಳಿ.